ಭಾನುವಾರದ ಸಾರು, ಗುರುವಾರದ ಊಟ

ಭಾನುವಾರ ಮಾಡಿಟ್ಟ ಸಾರನ್ನು ಗುರುವಾರ ಬಡಿಸಿದರೆ ಆ ಮನೆಯಲ್ಲಿ ಅಕ್ಕರೆ ಕಡಿಮೆಯಾಯಿತೆಂದು ಅರ್ಥವೇ? ಚನ್ನಪಟ್ಟಣದಲ್ಲಿ ಯಾರೂ ಇದನ್ನು ಹೀಗೆ ಬಾಯಿಬಿಟ್ಟು ಕೇಳುವುದಿಲ್ಲ. ‘ಫ್ರಿಜ್ಜಿನ ಸಾರಾ?’ ಅನ್ನುವಷ್ಟರಲ್ಲೇ ತೀರ್ಪು ಮುಗಿದಿರುತ್ತದೆ. ಬಿಸಿಬಿಸಿಯಾಗಿ ಆಗಷ್ಟೇ ಮಾಡಿದ್ದು ಪ್ರೀತಿಯ ಊಟ, ಮಾಡಿಟ್ಟು ಕಾಯಿಸಿದ್ದು ಸೋಮಾರಿಯ ಊಟ ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಈ ಲೆಕ್ಕ ತಪ್ಪು ಎಂದು ನನಗನಿಸುತ್ತದೆ. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದರ ಸಾಲ ತೀರಿಸುತ್ತಿರುವುದು ಹೆಂಗಸರ ಮೈ ಮತ್ತು ನಿದ್ದೆ.

ಈ ಸೀಮೆಯ ದುಡಿಮೆ ಹೇಗಿದೆ ನೋಡಿ. ಬೆಂಗಳೂರು ಇಲ್ಲಿಂದ ಸುಮಾರು 60 ಕಿಲೋಮೀಟರ್. ಬೆಳಗಿನ ರೈಲಿಗೆ ಹೋಗುವವರು, ಬಿಡದಿ ಕಡೆಯ ಕಾರ್ಖಾನೆಗಳಿಗೆ ವ್ಯಾನು ಹತ್ತುವವರು, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ದಿನವಿಡೀ ಕುದಿನೀರಿನ ಬೇಸಿನ್ನಿನ ಮುಂದೆ ಕೂತು ಗೂಡಿನ ಎಳೆ ಹುಡುಕುವವರು, ಊರೊಳಗೇ ಲೇತಿನ ಮುಂದೆ ಆಟಿಕೆಗೆ ಅರಗಿನ ಬಣ್ಣ ಹಚ್ಚುವವರು. ಇವರಲ್ಲಿ ಹೆಂಗಸರು ಕಡಿಮೆಯಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಹಾದಿಯ ಹೊತ್ತನ್ನು ಇಳಿಸಿತು. ಅದೇ ವರ್ಷ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಂಗಸರ ಬಸ್ ಚಾರ್ಜಿನ ಹೊರೆ ಇಳಿಸಿತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಗುವ ಒಲೆಯ ಕೆಲಸವನ್ನು ಮಾತ್ರ ಯಾವ ಯೋಜನೆಯೂ ಮುಟ್ಟಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅಂದರೆ ಸುಮಾರು ಐದು ಗಂಟೆ. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುತ್ತಿದ್ದವರೇ ನೂರಕ್ಕೆ 26 ಮಂದಿ; ಹಾಕಿದವರೂ ಕೊಡುತ್ತಿದ್ದದ್ದು 97 ನಿಮಿಷ. ‘ದಿನಾ ಬಿಸಿಯಾಗೇ ಬೇಕು’ ಅನ್ನುವ ಮಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಕೇಳಿದರೆ ಅದು ರುಚಿಯ ಮಾತಾಗಿ ಉಳಿಯುವುದಿಲ್ಲ. ಇನ್ನೊಬ್ಬರ ಹೊತ್ತಿನ ಮೇಲೆ ಹೂಡಿದ ಹಕ್ಕಾಗುತ್ತದೆ.

ಇದಕ್ಕೆ ಸಂಪ್ರದಾಯವನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಗೀತೆಯ ಹದಿನೇಳನೆಯ ಅಧ್ಯಾಯ ಸಾರ ಕಳೆದುಕೊಂಡ, ನಾರುವ, ಹಿಂದಿನ ದಿನದ ಆಹಾರವನ್ನು ತಾಮಸರಿಗೆ ಪ್ರಿಯವಾದದ್ದು ಎಂದು ಎಣಿಸುತ್ತದೆ ನಿಜ. ಫ್ರಿಜ್ಜಿಲ್ಲದ ಕಾಲದಲ್ಲಿ, ಸೆಕೆಯ ನಾಡಿನಲ್ಲಿ ಅದು ವಿವೇಕದ ಮಾತು. ಆದರೆ ಈ ಸೀಮೆಯ ಒಕ್ಕಲು ಮಕ್ಕಳ ಅಡುಗೆಮನೆ ಎಂದೂ ದಿನಕ್ಕೆ ಮೂರು ಸಲ ಹೊಸದಾಗಿ ಒಲೆ ಹಚ್ಚಿದ್ದಲ್ಲ. ರಾತ್ರಿ ಮಿಕ್ಕ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿಕೊಂಡ ತಂಗಳಾಗಿ ಹೊಲಕ್ಕೆ ಹೋಗುವವರ ಹೊಟ್ಟೆ ಸೇರುತ್ತಿತ್ತು. ಬಸ್ಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನಕ್ಕೇ ರುಚಿ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಹುರುಳಿಕಟ್ಟಿನ ಸಾರನ್ನು ಹೊತ್ತುಹೊತ್ತಿಗೆ ಕುದಿಸಿಟ್ಟು ಎರಡು ಮೂರು ದಿನ ಉಣ್ಣುವುದು ಬಡತನದ ಗುರುತೂ ಅಲ್ಲ, ಸೋಮಾರಿತನದ ಗುರುತೂ ಅಲ್ಲ. ಬೇಸಿಗೆಯ ಬಿಸಿಲಿಗೆ ಸಂಡಿಗೆ, ಹಪ್ಪಳ. ವರ್ಷಕ್ಕೊಮ್ಮೆ ಸಾರಿನಪುಡಿ, ಉಪ್ಪಿನಕಾಯಿ. ಒಂದು ದಿನದ ದುಡಿಮೆಯನ್ನು ಹಲವು ದಿನಕ್ಕೆ ಹಂಚುವುದನ್ನು ನಮ್ಮ ಅಜ್ಜಿಯರು ಬಿಸಿಲು, ಉಪ್ಪು, ಹುಳಿಗಳಿಂದ ಸಾಧಿಸಿದರು. ಅವರ ಮೊಮ್ಮಕ್ಕಳು ತಂಪಿನಿಂದ ಸಾಧಿಸಿದರೆ ಮಾತ್ರ ಅದು ಸಂಸ್ಕೃತಿ ಕೆಟ್ಟದ್ದಕ್ಕೆ ಗುರುತಾಗುವುದು ಹೇಗೆ?

ಮೊದಲು ಹೇಳಿದ ಹೆದ್ದಾರಿಯ ಇನ್ನೊಂದು ತುದಿಯಲ್ಲಿ ಮೈಸೂರಿದೆ. ಅಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು; 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ. ತಿಂಗಳುಗಟ್ಟಲೆ ಕೆಡದ ಪಲಾವು, ಪಲ್ಯ, ಚಪಾತಿಗಳನ್ನು ಗಡಿಯ ಸೈನಿಕರಿಗಾಗಿ ರೂಪಿಸಿದ್ದು ಅಲ್ಲಿಯ ವಿಜ್ಞಾನಿಗಳು. ಆ ಪೊಟ್ಟಣ ಬಿಚ್ಚಿ ಉಣ್ಣುವ ಯೋಧನ ಊಟದಲ್ಲಿ ಪ್ರೀತಿಯಿಲ್ಲ ಎಂದು ಯಾರೂ ಅನ್ನುವುದಿಲ್ಲ, ಅನ್ನಲೂ ಬಾರದು. ಪ್ರಯೋಗಾಲಯದಲ್ಲಿ ವಿಜ್ಞಾನವಾದದ್ದು ಮನೆಯ ಹೆಣ್ಣುಮಗಳು ಮಾಡಿದ ಕೂಡಲೇ ನೆಪವಾಗಿಬಿಡುತ್ತದೆ. ಇದು ಸಣ್ಣ ಅನ್ಯಾಯವಲ್ಲ.

ಹಾಗೆಂದು ಹಿರಿಯರ ಅನುಮಾನವನ್ನೆಲ್ಲ ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ನಿಜವಾದ ಭಯವಿದೆ, ಮಾಡಿಟ್ಟು ಉಣ್ಣುವವರು ಅದನ್ನು ಸರಿಯಾಗಿ ತಿಳಿಯಲೇಬೇಕು. ಅಪಾಯ ಹೆಚ್ಚಾಗಿ ಇರುವುದು ಒಲೆಗೂ ಫ್ರಿಜ್ಜಿಗೂ ನಡುವಿನ ಹೊತ್ತಿನಲ್ಲಿ. ಆಹಾರ 60 ಡಿಗ್ರಿಗಿಂತ ಕೆಳಗಿಳಿದು 5 ಡಿಗ್ರಿ ಮುಟ್ಟುವ ತನಕದ ಅವಧಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬ್ಯಾಸಿಲಸ್ ಸೀರಿಯಸ್ ಎಂಬ ಒಂದರ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಉಗುಳುವ ಒಂದು ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ದೊಡ್ಡ ಪಾತ್ರೆಯ ತುಂಬ ಸಾರು ಮಾಡಿ ಮುಚ್ಚಳ ಹಾಕಿ ರಾತ್ರಿಯಿಡೀ ಕಟ್ಟೆಯ ಮೇಲಿಟ್ಟರೆ ಅದರ ಒಡಲು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ‘ಬಿಸಿಯದ್ದನ್ನು ಫ್ರಿಜ್ಜಿಗಿಡಬಾರದು’ ಎಂದು ಕಾದು ಕೂರುವ ನಮ್ಮ ಅಭ್ಯಾಸ ಇದಕ್ಕೆ ಇನ್ನಷ್ಟು ಎಡೆ ಕೊಡುತ್ತದೆ. ಮಾಡಬೇಕಾದ್ದು ಸುಲಭ. ಸಾರನ್ನು ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ, ತಣ್ಣೀರು ತುಂಬಿದ ಬೋಗುಣಿಯಲ್ಲಿಟ್ಟು ಆಗಾಗ ಸೌಟಾಡಿಸಿ, ಎರಡು ಗಂಟೆಯೊಳಗೆ ಒಳಗಿಡುವುದು. ಅನ್ನಕ್ಕಂತೂ ಈ ನಿಯಮ ಮೀರಲೇಬಾರದು.

ಫ್ರೀಜರ್ ಎಂಬುದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಅದಕ್ಕೆ ಮೈನಸ್ 18 ಡಿಗ್ರಿಯ ತಂಪು ಬೇಕು. ನಮ್ಮಲ್ಲಿ ಅನೇಕರ ಮನೆಯಲ್ಲಿರುವುದು ಒಂಟಿ ಬಾಗಿಲ ಫ್ರಿಜ್ಜಿನ ಮೇಲ್ತುದಿಯ ಐಸ್ ಪೆಟ್ಟಿಗೆ. ಬಾಗಿಲು ತೆಗೆದು ಹಾಕುವಾಗಲೆಲ್ಲ, ಕರೆಂಟು ಹೋದಾಗಲೆಲ್ಲ ಅದರ ತಂಪು ಏರಿಳಿಯುತ್ತದೆ. ಅದನ್ನು ನಂಬಿ ತಿಂಗಳುಗಟ್ಟಲೆಯ ಊಟ ಕೂಡಿಡುವುದು ತರವಲ್ಲ. ವಾರ, ಹತ್ತು ದಿನದ ಮಟ್ಟಿಗೆ ಅದು ಸಾಕು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಡಬ್ಬಿಯ ತುದಿಯಲ್ಲಿ ಎರಡು ಬೆರಳು ಜಾಗ ಬಿಡಬೇಕು. ಹೊರಗಿನ ಬಿಸಿಯಲ್ಲಿ ಒಮ್ಮೆ ಕರಗಿಸಿದ್ದನ್ನು ತಿರುಗಿ ಹೆಪ್ಪುಗಟ್ಟಿಸಬಾರದು.

ಇನ್ನು ರುಚಿಯ ಮಾತು. ಇಡೀ ಊಟವನ್ನೇ ತಟ್ಟೆ ಸಮೇತ ಹೆಪ್ಪುಗಟ್ಟಿಸುವ ಅಮೆರಿಕದ ರೂಢಿ ನಮ್ಮ ಅಡುಗೆಗೆ ಒಗ್ಗುವುದಿಲ್ಲ. ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿದುಕೊಳ್ಳುತ್ತದೆ, ಅದರಲ್ಲೂ ಫ್ರಿಜ್ಜಿನ ನಾಲ್ಕೈದು ಡಿಗ್ರಿಯಲ್ಲಿ ಬಲು ಬೇಗ. ಹಾಗಾಗಿ ಫ್ರಿಜ್ಜಿನಲ್ಲಿಟ್ಟ ಮುದ್ದೆ ಮುದ್ದೆಯಾಗಿ ಉಳಿಯುವುದಿಲ್ಲ. ಆಲೂಗಡ್ಡೆ ಕರಗುವಾಗ ನೀರು ಬಿಟ್ಟು ಸಪ್ಪೆಯಾಗುತ್ತದೆ, ಕಾಯಿ ರುಬ್ಬಿ ಹಾಕಿದ ಗಸಿ ಒಡೆಯುತ್ತದೆ. ಆದರೆ ಸಂಜೆಯ ಅಡುಗೆಯಲ್ಲಿ ಹೊತ್ತು ತಿನ್ನುವುದು ಇವೇನೂ ಅಲ್ಲ. ಕಾಳು ನೆನೆಸಿ ಬೇಯಿಸುವುದು, ಸೊಪ್ಪು ಬಿಡಿಸಿ ತೊಳೆಯುವುದು, ಈರುಳ್ಳಿ ಬೆಳ್ಳುಳ್ಳಿ ಸುಲಿದು ಹುರಿದು ರುಬ್ಬುವುದು. ಈ ದುಡಿಮೆಯನ್ನೇ ಹೆಪ್ಪುಗಟ್ಟಿಸಿಟ್ಟುಕೊಳ್ಳಬೇಕು. ಬೆಂದ ಹುರುಳಿ, ಅಲಸಂದೆ, ಕಡಲೆ ಚೆನ್ನಾಗಿ ತಡೆಯುತ್ತವೆ. ಕಾಯಿ ಹಾಕದೆ ರುಬ್ಬಿದ ಮಸಾಲೆ ತಡೆಯುತ್ತದೆ. ಬಸಿದ ಕಟ್ಟು ತಡೆಯುತ್ತದೆ. ಒಗ್ಗರಣೆ, ಕಾಯಿತುರಿ, ಕೊತ್ತಂಬರಿ, ಮುದ್ದೆ ಆ ಹೊತ್ತಿಗೇ ಆಗಲಿ. ಹಾಗೆ ಮಾಡಿದರೆ ಒಂದೂವರೆ ಗಂಟೆಯ ಅಡುಗೆ ಅರ್ಧ ಗಂಟೆಗೆ ಬರುತ್ತದೆ, ಮನೆಯಲ್ಲಿ ಒಗ್ಗರಣೆಯ ಘಮವೂ ಇರುತ್ತದೆ.

ಮಾಗಡಿ ಕಡೆಯ ಅವರೆಕಾಯಿ ಸಂತೆಗೆ ಬರುವ ಚಳಿಗಾಲದಲ್ಲಿ ಇದನ್ನು ನಾವು ಯಾರ ಅಪ್ಪಣೆಯನ್ನೂ ಕೇಳದೆ ಮಾಡುತ್ತಿದ್ದೇವೆ. ಮೂಟೆಗಟ್ಟಲೆ ಕಾಯಿ ತಂದು, ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತುಕಿ, ಮೇಲೊಂದು ಕುದಿ ಕೊಟ್ಟು ಆರಿಸಿ, ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕುತ್ತೇವೆ. ನಂಬುವಂಥ ಫ್ರೀಜರಿದ್ದವರು ಯುಗಾದಿ ಕಳೆದ ಮೇಲೂ ಹಿತಕಬೇಳೆ ಸಾರು ಉಣ್ಣುತ್ತಾರೆ. ಅದನ್ನು ಫ್ರಿಜ್ಜಿನ ಸಾರು ಎಂದು ಮೂಗು ಮುರಿದವರನ್ನು ನಾನು ಕಂಡಿಲ್ಲ. ಕಾರಣ ಯೋಚಿಸಬೇಕಾದದ್ದು. ಅವರೆ ಬಿಡಿಸಲು, ಹಿತುಕಲು ಟಿವಿಯ ಮುಂದೆ ಎಲ್ಲರೂ ಕೂರುತ್ತಾರೆ, ಅಪ್ಪ, ಮಕ್ಕಳು, ಬಂದ ನೆಂಟರು ಕೂಡ. ಎಲ್ಲರ ಉಗುರೂ ನೊಂದ ಮೇಲೆ ಅದರ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ.

ವಾರದ ಅಡುಗೆಯಲ್ಲಿ ಇದು ಆಗುವುದಿಲ್ಲ, ಇಡೀ ಏರ್ಪಾಡಿನ ದೊಡ್ಡ ತೊಡಕು ಅಲ್ಲೇ ಇದೆ. ಆರು ಸಂಜೆಗಳ ಬಿಡುವಿಗಾಗಿ ಒಬ್ಬಳೇ ಹೆಂಗಸು ತನ್ನ ಒಂದೇ ಒಂದು ರಜೆಯನ್ನು ಒಲೆಯ ಮುಂದೆ ಕಳೆದರೆ ದುಡಿಮೆ ಇಳಿಯಲಿಲ್ಲ, ಜಾಗ ಬದಲಿಸಿತು ಅಷ್ಟೆ. ಸಂಡಿಗೆ ಇಡುವ ದಿನ ಪಕ್ಕದ ಮನೆಯ ಅಕ್ಕ, ಎದುರು ಮನೆಯ ಅತ್ತೆ ಬಂದು ಕೈಜೋಡಿಸುತ್ತಿದ್ದರು. ಫ್ರಿಜ್ಜು ತಂಪನ್ನು ಮನೆಯೊಳಗೆ ತಂದಿತು, ಆ ಕೈಗಳನ್ನು ತರಲಿಲ್ಲ. ಆದ್ದರಿಂದ ಮಾಡಿಟ್ಟು ಉಣ್ಣುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರು ಭಾನುವಾರ ಈರುಳ್ಳಿ ಸುಲಿದವರು ಯಾರು ಎಂದೂ ಕೇಳಬೇಕು.

ಗಂಡಸರಿಗೆ ಅಡುಗೆ ಬಾರದು ಎಂಬ ಉತ್ತರ ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ಬೀಗರೂಟಕ್ಕೆ, ಊರಹಬ್ಬದ ಪರಕ್ಕೆ ನೂರಾರು ಜನರ ಮುದ್ದೆ ತಿರುವುವವರು ಅವರೇ. ಆಳೆತ್ತರದ ಕೋಲು ಹಿಡಿದು, ಎಸರು ಯಾವಾಗ ಉಕ್ಕಿತು, ಹಸಿಟ್ಟು ಎಷ್ಟು ಬೀಳಬೇಕು, ಗಂಟಾಗದಂತೆ ಯಾವ ಪಕ್ಕದಿಂದ ತೊಳಸಬೇಕು ಎಂಬ ಹದವೆಲ್ಲ ಅವರ ತೋಳಿಗೆ ಗೊತ್ತು. ಮುದ್ದೆಯನ್ನಂತೂ ಮಾಡಿಡಲಾಗದು, ಅದು ಆಗಿಂದಾಗಲೇ ಆಗಬೇಕು. ಸಾರು ಡಬ್ಬಿಯಲ್ಲಿ ಕರಗುತ್ತಿರುವ ಸಂಜೆ ಉಳಿಯುವ ದೊಡ್ಡ ಕೆಲಸ ಅದೊಂದೇ, ಅರ್ಧ ಗಂಟೆಯೂ ಬೇಡ. ರೈಲಿಳಿದು ಮೊದಲು ಮನೆ ಸೇರಿದವರು, ಗಂಡನಾಗಲಿ ಹೆಂಡತಿಯಾಗಲಿ ಕಾಲೇಜಿನಿಂದ ಬಂದ ಮಗನಾಗಲಿ, ಎಸರಿಡಲಿ.