ದೆವ್ವದ ಚಿತ್ರಗಳೂ ಮನಸ್ಸಿನ ಆರೋಗ್ಯವೂ



ಕೆಲವು ತಿಂಗಳ ಹಿಂದೆ ಹತ್ತು ವರ್ಷದ ಬಾಲಕನೊಬ್ಬನನ್ನು ಅವನ ತಾಯಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ರಾತ್ರಿ ನಿದ್ರೆಯಿಲ್ಲ, ಬಂದರೂ ಬೆಚ್ಚಿಬೀಳುವುದು, ಹಾಸಿಗೆ ಒದ್ದೆಯಾಗುವುದು, ಹಗಲು ಊಟ ಸೇರದಿರುವುದು. ವಾತಪ್ರಕೋಪವೆಂದು ನಿರ್ಣಯಿಸಿ ಬ್ರಾಹ್ಮೀಘೃತವನ್ನೂ ಪಾದಾಭ್ಯಂಗವನ್ನೂ ಸೂಚಿಸಿದೆ. ತಿಂಗಳು ಕಳೆದರೂ ಗುಣ ಕಾಣಲಿಲ್ಲ. ಅಷ್ಟರಲ್ಲಿ ಬಂಧುಗಳು ‘ಗಾಳಿ ಸೋಕಿದೆ, ತಾಯಿತ ಕಟ್ಟಿಸಿ’ ಎನ್ನತೊಡಗಿದ್ದರು. ಮತ್ತೆ ಬಂದಾಗ, ಮಲಗುವ ಮುನ್ನ ಏನು ಮಾಡುತ್ತೀಯೆಂದು ಮಗುವನ್ನೇ ಕೇಳಿದೆ. ಹೊದಿಕೆಯೊಳಗೆ ಅಜ್ಜಿಯ ಮೊಬೈಲಿನಲ್ಲಿ ದಿನವೂ ದೆವ್ವದ ಚಿತ್ರ ನೋಡುತ್ತಿದ್ದೇನೆಂದು ಹೇಳಿದ. ರೋಗಕಾರಣವನ್ನು ತ್ಯಜಿಸುವುದೇ ಮೊದಲ ಚಿಕಿತ್ಸೆಯೆಂದು ನಮಗೆ ಪಾಠ ಹೇಳಿದ್ದರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ದೆವ್ವದ ಚಿತ್ರಗಳೇನೂ ಹೊಸವಲ್ಲ. 1949ರ ‘ಮಹಲ್’, 1962ರ ‘ಬೀಸ್ ಸಾಲ್ ಬಾದ್’ ಚಿತ್ರಗಳಲ್ಲಿ ಪ್ರೇಕ್ಷಕರು ದೆವ್ವವೆಂದು ಹೆದರಿದ್ದು ಕೊನೆಗೆ ಮನುಷ್ಯರ ಕೃತ್ಯವೆಂದು ತಿಳಿಯುತ್ತಿತ್ತು. 1972ರಿಂದ ರಾಮ್ಸೆ ಸಹೋದರರ ಕಾಲ ಬಂತು. ಅವರ ಚಿತ್ರಗಳಲ್ಲಿ ದೆವ್ವ ನಿಜವಾಗಿಯೇ ಎದ್ದು ಬರುತ್ತಿತ್ತು. 1984ರ ‘ಪುರಾನಾ ಮಂದಿರ್’ ಭಾರಿ ಜನಪ್ರಿಯವಾಯಿತು. ಕನ್ನಡದಲ್ಲಿ 1979ರಲ್ಲಿ ಅನಂತನಾಗ್ ಮತ್ತು ಲಕ್ಷ್ಮಿಯವರ ‘ನಾ ನಿನ್ನ ಬಿಡಲಾರೆ’ ತೆರೆಕಂಡಾಗ ನಾನು ವಿದ್ಯಾರ್ಥಿ. ಗೆಳೆಯರೊಡನೆ ನೋಡಿ, ಹಿಂದಿರುಗುವಾಗ ಒಬ್ಬರ ಕೈ ಒಬ್ಬರು ಹಿಡಿದು ನಡೆದದ್ದು ಇಂದಿಗೂ ನೆನಪಿದೆ. ತೊಂಬತ್ತರ ದಶಕದಲ್ಲಿ ಈ ಪ್ರಕಾರ ಚಿತ್ರಮಂದಿರಗಳಲ್ಲಿ ಕಳೆಗುಂದಿ ದೂರದರ್ಶನದ ಪರದೆಗೆ ಸರಿಯಿತು. 2004ರಲ್ಲಿ ‘ಆಪ್ತಮಿತ್ರ’ ಅದನ್ನು ಗೌರವದೊಡನೆ ಮರಳಿ ತಂದಿತು. ಅಲ್ಲಿ ಮನೋವೈದ್ಯನೇ ನಾಯಕ. ಈಚೆಗೆ ಭಯದೊಡನೆ ಹಾಸ್ಯ ಬೆರೆತಿದೆ. 2018ರ ‘ಸ್ತ್ರೀ’, 2024ರ ಅದರ ಎರಡನೆಯ ಭಾಗ, 2025ರ ನಮ್ಮ ‘ಸು ಫ್ರಮ್ ಸೋ’ ಚಿತ್ರಗಳಿಗೆ ಸಂಸಾರಸಮೇತರಾಗಿ ಜನ ಮುಗಿಬಿದ್ದರು.

ಜನಪ್ರಿಯತೆಯ ಈ ಏರಿಳಿತ ವೈದ್ಯನಿಗೆ ಮುಖ್ಯವಲ್ಲ. ನೋಡುವ ರೀತಿ ಬದಲಾಗಿರುವುದು ಮುಖ್ಯ. ಚಿತ್ರಮಂದಿರದಲ್ಲಿ ನೂರಾರು ಜನರ ನಡುವೆ ಕುಳಿತು ಹೆದರುತ್ತಿದ್ದೆವು. ಪಕ್ಕದವರು ನಕ್ಕರೆ ಭಯವೂ ಕರಗುತ್ತಿತ್ತು. ಚಿತ್ರ ಮುಗಿದರೆ ದೀಪ ಬೆಳಗುತ್ತಿತ್ತು. ವಯಸ್ಕರ ಚಿತ್ರವಾದರೆ ಬಾಗಿಲಲ್ಲಿ ತಡೆಯುವವರಿದ್ದರು. ಮೊಬೈಲಿನಲ್ಲಿ ಏಕಾಂತ, ಕತ್ತಲೆ, ಕಿವಿಯೊಳಗೇ ಕಿರುಚುವ ಧ್ವನಿ. ಒಂದು ಮುಗಿಯುತ್ತಲೇ ಮತ್ತೊಂದು ತಾನಾಗಿ ಬರುತ್ತದೆ.

ಚರಕಸಂಹಿತೆಯು ರೋಗಕ್ಕೆ ಹೇಳುವ ಮೂರು ಕಾರಣಗಳಲ್ಲಿ ಇಂದ್ರಿಯಗಳಿಗೂ ವಿಷಯಗಳಿಗೂ ಆಗುವ ಅಹಿತವಾದ ಸಂಯೋಗವೂ ಒಂದು. ಭಯಂಕರವೂ ಬೀಭತ್ಸವೂ ವಿಕೃತವೂ ಆದ ರೂಪಗಳನ್ನು ನೋಡುವುದನ್ನು ಕಣ್ಣಿನ ಮಿಥ್ಯಾಯೋಗವೆಂದು ಅಲ್ಲಿ ಎಣಿಸಲಾಗಿದೆ. ಮನೋಬಲದಲ್ಲಿ ಪ್ರವರ, ಮಧ್ಯಮ, ಅವರ ಎಂಬ ಮೂರು ಬಗೆಗಳನ್ನು ಹೇಳಿ, ಅವರಸತ್ತ್ವದವರು ಘೋರವಾದ ಕಥೆ ಕೇಳಿದರೂ, ರಕ್ತಮಾಂಸ ಕಂಡರೂ ವಿವರ್ಣರಾಗುತ್ತಾರೆ, ಮೂರ್ಛೆ ಹೋಗುತ್ತಾರೆ, ಉನ್ಮಾದಕ್ಕೂ ಒಳಗಾಗಬಹುದು ಎಂದು ಎಚ್ಚರಿಸಲಾಗಿದೆ. ಭಯದಿಂದ ಹುಟ್ಟುವ ಅತಿಸಾರವನ್ನೂ ಶಾಸ್ತ್ರ ಪ್ರತ್ಯೇಕವಾಗಿ ಹೆಸರಿಸುತ್ತದೆ. ಭಯಗೊಂಡಾಗ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ನಿದ್ರೆ ದೂರವಾಗುತ್ತದೆ ಎಂದು ಆಧುನಿಕ ವೈದ್ಯವೂ ಹೇಳುತ್ತದೆ. ದೃಢಮನಸ್ಸಿನ ವಯಸ್ಕನಿಗೆ ಎರಡು ಗಂಟೆಯ ವಿನೋದವಾದದ್ದು ಮಗುವಿಗೆ, ಗರ್ಭಿಣಿಗೆ, ಹೃದ್ರೋಗಿಗೆ, ಮೊದಲೇ ಆತಂಕದಲ್ಲಿರುವವನಿಗೆ ಹಿತವಲ್ಲ.

ಇಂಥ ಚಿತ್ರಗಳನ್ನೆಲ್ಲ ನಿಷೇಧಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಒಬ್ಬ ಯುವಕನ ಸುಳ್ಳು ಇಡೀ ಊರನ್ನೇ ನಂಬಿಸುವುದನ್ನು ತೋರಿಸಿ ನಗಿಸುವ ಚಿತ್ರದಿಂದ ಜನರ ವಿವೇಕ ಬೆಳೆಯಲೂಬಹುದು. ಆದರೆ ಮಾನಸಿಕ ರೋಗದ ಲಕ್ಷಣಗಳನ್ನೇ ದೆವ್ವ ಹಿಡಿದ ಲಕ್ಷಣಗಳೆಂದು ಪದೇಪದೇ ತೋರಿಸುವ ಚಿತ್ರಗಳು ಮನೆಗಳಲ್ಲಿ ಹಾನಿ ಮಾಡುತ್ತವೆ. ತನ್ನಲ್ಲಿ ತಾನೇ ಮಾತನಾಡಿಕೊಳ್ಳುವ ಸೊಸೆಯನ್ನು ವೈದ್ಯರ ಬಳಿಗೆ ಒಯ್ಯದೆ, ಮಂತ್ರವಾದಿಯ ಬಳಿಗೆ ಒಯ್ದು ವರ್ಷಗಳನ್ನು ಕಳೆದವರನ್ನು ನಾನು ಬಲ್ಲೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಸರಪಳಿಯಿಂದ ಕಟ್ಟುವುದು ಕರ್ನಾಟಕದ 2017ರ ಕಾಯ್ದೆಯ ಪ್ರಕಾರ ಅಪರಾಧ.

‘ನಿಮ್ಮ ಆಯುರ್ವೇದದಲ್ಲಿಯೇ ಭೂತವಿದ್ಯೆಯಿದೆಯಲ್ಲ?’ ಎಂದು ಕೆಲವರು ಕೇಳುತ್ತಾರೆ. ಇದೆ, ಎಂಟು ಅಂಗಗಳಲ್ಲಿ ಅದೂ ಒಂದು. ಆದರೆ ಆಗಂತು ಉನ್ಮಾದಕ್ಕೂ ಮೂಲ ಮನುಷ್ಯನದೇ ಪ್ರಜ್ಞಾಪರಾಧವೆಂದು, ತನ್ನ ದುಃಖಕ್ಕೆ ದೇವತೆ ಪಿಶಾಚಿಗಳನ್ನು ದೂರಬಾರದೆಂದು ಚರಕನೇ ಹೇಳಿದ್ದಾನೆ. ನಮ್ಮ ಶರಣರೂ ಹನ್ನೆರಡನೆಯ ಶತಮಾನದಲ್ಲಿಯೇ ಕ್ಷುದ್ರದೈವಗಳ ಭಯವನ್ನು ಜನಮನದಿಂದ ಕಿತ್ತೊಗೆಯಲು ಶ್ರಮಿಸಿದರು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವನು ಮಸಣಕ್ಕೆ ಅಂಜಿ ಬಾಳುವುದು ಆ ಪರಂಪರೆಗೆ ಒಪ್ಪುವಂಥದಲ್ಲ.

ಆದುದರಿಂದ ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟು. ಮಲಗುವ ಕೋಣೆಗೆ ಮಕ್ಕಳ ಕೈಯಲ್ಲಿ ಮೊಬೈಲು ಹೋಗದಿರಲಿ. ಚಿತ್ರದ ಪ್ರಮಾಣಪತ್ರದಲ್ಲಿರುವ ವಯೋಮಿತಿಯನ್ನು ಹಿರಿಯರು ಓದಿ ನೋಡಲಿ. ಮಗು ಹೆದರಿದೆಯೆಂದು ಹೇಳಿದರೆ ಗದರಿಸದೆ, ನಗೆಯಾಡದೆ, ಏನನ್ನು ಕಂಡಿತೆಂದು ಕೇಳಿರಿ. ‘ಗುಮ್ಮ ಬರುತ್ತಾನೆ’ ಎಂದು ಊಟ ಮಾಡಿಸುವ ಅಭ್ಯಾಸವನ್ನೂ ಬಿಡಿರಿ. ಮನೆಯಲ್ಲಿ ಯಾರಾದರೂ ವಿಚಿತ್ರವಾಗಿ ವರ್ತಿಸಿದರೆ, ಅಕಾರಣವಾಗಿ ಹೆದರಿದರೆ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ.

ಆ ಬಾಲಕನಿಗೆ ನಾನು ಹೊಸ ಔಷಧ ಕೊಡಲಿಲ್ಲ. ಮೊಬೈಲು ಬಿಡಿಸಿ, ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗಿಸಿ, ಕಥೆ ಹೇಳಿರೆಂದು ತಿಳಿಸಿದೆ. ಮೂರು ವಾರಗಳಲ್ಲಿ ನಿದ್ರೆ ಬಂತು. ತಾಯಿತ ಕಟ್ಟಿಸುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.