ಸಾವಿರ ಗ್ರಹ, ಒಂದೇ ಚೀಟಿ

ಸಿ.ಎಸ್. ಪುರದಂಥ ಹೋಬಳಿ ಊರಿನಲ್ಲಿ ‘ಸ್ಟಾರ್‌ಫೀಲ್ಡ್’ ಎಂಬ ಬಾಹ್ಯಾಕಾಶದ ಕಂಪ್ಯೂಟರ್ ಆಟ ಆಡಿದವರಿಗಿಂತ, ಬೇರೆಯವರು ಆಡುವುದನ್ನು ಯೂಟ್ಯೂಬಿನಲ್ಲಿ ನೋಡಿದವರೇ ಹೆಚ್ಚಿರಬೇಕು. 125 ಜಿಬಿ ಜಾಗ, 16 ಜಿಬಿ ರ‍್ಯಾಮ್, ಸಾಲದ್ದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೇಳುವ ಆಟ ಅದು. ಆದರೂ ಅದರ ಸುದ್ದಿ ನಮಗೆ ಬೇಕು. ಅನಿಮೇಷನ್, ಗೇಮಿಂಗ್ ಕೋರ್ಸಿಗೆಂದು ಬೆಂಗಳೂರಿನ ಬಸ್ಸು ಹತ್ತುವ ಮಕ್ಕಳು ಈ ಕಡೆಯಲ್ಲೂ ಇದ್ದಾರೆ.

ಬೆಥೆಸ್ಡಾ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ಈ ಆಟದ ಕಥೆ ನಡೆಯುವುದು 2330ರಲ್ಲಿ. ಇದರಲ್ಲಿ ಮೆಚ್ಚಲೇಬೇಕಾದ್ದು ನೌಕೆ ಕಟ್ಟುವ ಭಾಗ. ಎಂಜಿನ್ನು, ಕಾಕ್‌ಪಿಟ್ಟು, ಸರಕಿನ ಕೋಣೆ ಎಲ್ಲವನ್ನೂ ತುಂಡು ತುಂಡಾಗಿ ಜೋಡಿಸಿ, ಜೋಡಿಸಿದ್ದರೊಳಗೇ ಓಡಾಡಬಹುದು. ಇಟ್ಟ ಸಾಮಾನು ಇಟ್ಟಲ್ಲೇ ಇರುತ್ತದೆ. ಯಾರೋ ಪುಣ್ಯಾತ್ಮರು ನೌಕೆಯ ತುಂಬ ಸಾವಿರಾರು ಆಲೂಗಡ್ಡೆ ಪೇರಿಸಿ ಬಾಗಿಲು ತೆಗೆದರೆ, ಒಂದೊಂದೂ ತನ್ನ ಪಾಡಿಗೆ ತಾನು ಉರುಳಿ ಬಂತು! ಇಂಥ ಕಡೆ ಕೆಲಸಗಾರಿಕೆ ಎದ್ದು ಕಾಣುತ್ತದೆ.

ಸೋತದ್ದು ನೆಲಕ್ಕಿಳಿದ ಮೇಲೆ. ಸಾವಿರಕ್ಕೂ ಹೆಚ್ಚು ಗ್ರಹಗಳೆಂಬ ಜಂಬ ಸುಳ್ಳಲ್ಲ. ಆದರೆ ಅವುಗಳ ನೆಲ ಹಾಸಿದ್ದು ಬಹುಪಾಲು ಕಂಪ್ಯೂಟರಿನ ಲೆಕ್ಕಾಚಾರ. ಪಾಳುಬಿದ್ದ ಪ್ರಯೋಗಾಲಯಗಳನ್ನಂತೂ ಇದ್ದ ನಾಲ್ಕಾರು ನಕ್ಷೆಗಳಲ್ಲೇ ಮತ್ತೆ ಮತ್ತೆ ಇಟ್ಟಿದ್ದಾರೆ. ಒಂದು ಗ್ರಹದಲ್ಲಿ ಮೇಜಿನ ಮೇಲೆ ಓದಿದ ಚೀಟಿ ಇನ್ನೊಂದು ನಕ್ಷತ್ರದ ಗ್ರಹದಲ್ಲಿ ಅದೇ ಮೇಜಿನ ಮೇಲೆ, ಅದೇ ಹೆಣದ ಪಕ್ಕದಲ್ಲಿ ಸಿಗುತ್ತದೆ. ಆಟದಲ್ಲಿ ಸಿಗುವ ದೇವಾಲಯಗಳು 24, ಎಲ್ಲದರಲ್ಲೂ ಬೆಳಕಿನ ಚುಕ್ಕೆ ಹಿಡಿಯಲು ತೇಲಾಡುವ ಅದೇ ಕೆಲಸ. ಓಡಾಡಲು ಗಾಡಿ ಕೊಟ್ಟದ್ದು 2024ರ ಆಗಸ್ಟಿನಲ್ಲಿ. ಮರುತಿಂಗಳು ಬಂದ ‘ಶ್ಯಾಟರ್ಡ್ ಸ್ಪೇಸ್’ ಎಂಬ ಹೆಚ್ಚುವರಿ ಭಾಗ ಒಂದೇ ಗ್ರಹವನ್ನು ಕೈಯಾರೆ ಕಟ್ಟಿತು. ನೋಟ ಚೆನ್ನಾಗಿದೆ, ಕಥೆ ಪೇಲವ ಎಂದು ಆಡಿದವರಲ್ಲಿ ಅನೇಕರು ಮುಖ ಮುರಿದರು.

‘ಸೈಬರ್‌ಪಂಕ್ 2077’ ಎಂಬ ಇನ್ನೊಂದು ಆಟದ ಹಣೆಬರಹ ಇದಕ್ಕೆ ತದ್ವಿರುದ್ಧ. 2020ರಲ್ಲಿ ಅದು ಎಷ್ಟು ಕೆಟ್ಟು ಬಂತೆಂದರೆ, ಸೋನಿ ತನ್ನ ಅಂಗಡಿಯಿಂದಲೇ ಅದನ್ನು ಕಿತ್ತುಹಾಕಿತು. ಆದರೆ ಅದರ ಒಂದೇ ನಗರದಲ್ಲಿ ನೆನಪಿನಲ್ಲುಳಿಯುವ ಪಾತ್ರಗಳಿದ್ದವು. ರಿಪೇರಿಯಾದ ಮೇಲೆ ಜನ ಮರಳಿದರು.

ಬೆರಗಿನ ಜೊತೆ ಕಥೆಯೂ ಬೇಕೆಂಬುದು ನಮ್ಮ ನಾಟಕದವರಿಗೆ ಗೊತ್ತಿತ್ತು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ಜೀವಂತ ಆನೆ, ಕುದುರೆಗಳನ್ನೇ ತಂದಿತ್ತು. ಬೆರಗಿಗೆ ಅಷ್ಟು ಹಣ ಸುರಿದ ವೀರಣ್ಣನವರು ನಾಟಕ ಬರೆಯುವವರನ್ನಾಗಲಿ ಹಾಡುವವರನ್ನಾಗಲಿ ಕಡೆಗಣಿಸಿರಲಿಲ್ಲ.

ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ನೀತಿ ತಂದದ್ದು ಕರ್ನಾಟಕ. ಈಗ 2024-29ರ ಹೊಸ ನೀತಿಯೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಟ್ಟೇ ಹೆಸರಾಯಿತು. 2019ರಲ್ಲಿ ಆಟ ತಯಾರಿಸುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ನಮ್ಮವರ ಕೈಚಳಕಕ್ಕೆ ಬೇಡಿಕೆ ಇದೆ, ಸರಿ. ಆದರೆ ಕಲ್ಲು, ಕಾರು, ಕಟ್ಟಡ ಎಬ್ಬಿಸುವ ಕೆಲಸವನ್ನು ಯಂತ್ರ ಸ್ವಲ್ಪಸ್ವಲ್ಪವಾಗಿ ತಾನೇ ಕಲಿಯುತ್ತಿದೆ. ಆ ಕಟ್ಟಡದೊಳಗಿನ ಮೇಜಿನ ಮೇಲೆ ಯಾವ ಚೀಟಿ ಇರಬೇಕು, ಅದನ್ನು ಬರೆದವನು ಯಾರಿಗೆ ಹೆದರಿದ್ದ ಎಂದು ಯೋಚಿಸುವುದನ್ನು ಯಾವ ಸೆಮಿಸ್ಟರಿನಲ್ಲಿ ಕಲಿಸುತ್ತೀರಿ? ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ಅಪ್ಪ ಅಮ್ಮಂದಿರು ಕೋರ್ಸು ನಡೆಸುವವರಲ್ಲಿ ಇದನ್ನೇ ಕೇಳಲಿ. ಸರ್ಕಾರವೂ ಕೇಳಲಿ, ಅನುದಾನ ಕೊಡುವ ಮೊದಲು.