ಬೀಜ ಕೊಡಿ, ಹೆಸರನ್ನೂ ಉಳಿಸಿಕೊಳ್ಳಿ

ಕೇಳಿ ಬಂದವರಿಗೆ ಬೀಜ ಇಲ್ಲವೆನ್ನುವ ಪದ್ಧತಿ ನಮ್ಮ ಹಳ್ಳಿಗಳಲ್ಲಿಲ್ಲ. ಬಂದವನು ಗುರುತಿನವನಾಗಲಿ, ಅಲ್ಲದಿರಲಿ, ಒಂದು ಸೇರು ಕಟ್ಟಿಕೊಟ್ಟು ಕಳಿಸುವುದು ವಾಡಿಕೆ. ಆದರೆ ಕೊಟ್ಟ ಬೀಜ ಮುಂದೆ ಏನಾಗುತ್ತದೆಂದು ಕೊಟ್ಟವನು ಊಹಿಸಲಾರ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆಯವರಿಗೆ ಆದದ್ದು ಇದೇ.

ದಾದಾಜಿ ಸುಮಾರು ಒಂದೂವರೆ ಎಕರೆಯ ಬಡ ರೈತ. 1983ರಲ್ಲಿ ತಮ್ಮ ಭತ್ತದ ಗದ್ದೆಯಲ್ಲಿ ಬೇರೆ ಬಗೆಯ ಕೆಲವು ತೆನೆಗಳನ್ನು ಕಂಡು ಪ್ರತ್ಯೇಕವಾಗಿ ತೆಗೆದಿಟ್ಟರು. ವರ್ಷ ವರ್ಷವೂ ಬಿತ್ತಿ, ಆರಿಸಿ, ಸಣ್ಣ ಕಾಳಿನ ಒಳ್ಳೆಯ ತಳಿ ಮಾಡಿದರು. ಆಗ ಮನೆಮಾತಾಗಿದ್ದ, ನಮ್ಮ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರದ ಹೆಸರೇ ಭತ್ತಕ್ಕೂ ಬಿತ್ತು. ಬೀಜ ಕೈಯಿಂದ ಕೈಗೆ ಹೋಗಿ ಹಲವು ರಾಜ್ಯಗಳಿಗೆ ಹರಡಿತು.

1994ರಲ್ಲಿ ಕೃಷಿ ಸಂಸ್ಥೆಯೊಂದರವರು ಪ್ರಯೋಗಕ್ಕೆಂದು ಕೇಳಿದಾಗ ದಾದಾಜಿ 5 ಕಿಲೋ ಬೀಜ ಕೊಟ್ಟರು. 1998ರಲ್ಲಿ ಆ ತಳಿ ಸಂಸ್ಥೆಯ ಹೆಸರು ಹೊತ್ತು ಹೊರಬಂತು. ತಾವು ಬೀಜವನ್ನು ಶುದ್ಧೀಕರಿಸಿದ್ದೇವೆಂದು ಸಂಸ್ಥೆಯವರು ಹೇಳಿದರು. ಶುದ್ಧೀಕರಿಸಿರಬಹುದು, ಆದರೆ ಮೊದಲ ತೆನೆ ಆರಿಸಿದ ಕೈ ಯಾರದು? ಪ್ರಶಸ್ತಿಗಳೇನೋ ಬಂದವು, ಬಡತನ ಹೋಗಲಿಲ್ಲ. 2018ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಬೀಜ ಕೊಡುವುದನ್ನೇ ನಿಲ್ಲಿಸಬೇಕೆ? ಕೂಡದು. ದಾದಾಜಿ ಕೈ ಬಿಗಿ ಹಿಡಿದಿದ್ದರೆ ಆ ಭತ್ತ ಒಂದೂವರೆ ಎಕರೆಯಲ್ಲೇ ಉಳಿಯುತ್ತಿತ್ತು. ಒಂದು ವರ್ಷ ಮಳೆ ಕೈಕೊಟ್ಟಿದ್ದರೆ ತಳಿಯೇ ಅಳಿಯುತ್ತಿತ್ತು. ಹಂಚಿದ ಬೀಜವೇ ಉಳಿಯುವ ಬೀಜ. ತಪ್ಪು ಕೊಟ್ಟದ್ದರಲ್ಲಿಲ್ಲ, ಪಡೆದವರು ಕೊಟ್ಟವನ ಹೆಸರು ಬರೆಯದಿದ್ದುದರಲ್ಲಿದೆ.

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರಲ್ಲಿ ಬಂದಿದೆ. ತನ್ನ ಬೆಳೆಯ ಬೀಜವನ್ನು ಕೂಡಿಡಲು, ಬಿತ್ತಲು, ಹಂಚಲು, ಮಾರಲು ರೈತನಿಗೆ ಅದರಲ್ಲಿ ಹಕ್ಕಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ. ರೈತ ತಾನು ಬೆಳೆಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು, ಅದಕ್ಕೆ ಶುಲ್ಕ ಕೊಡಬೇಕಿಲ್ಲ. ಆದುದರಿಂದ ಗದ್ದೆಯಲ್ಲಿ ವಿಶೇಷ ತೆನೆ ಕಂಡವರು ವರ್ಷ, ಗುಣ, ಇಳುವರಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬೀಜ ಯಾರಿಗೆ, ಎಷ್ಟು, ಎಂದು ಕೊಟ್ಟಿರೆಂಬುದನ್ನೂ ಬರೆಯಿರಿ. ಸಂಸ್ಥೆಯವರು ಬಂದರೆ ರಸೀದಿ ಕೇಳಿ; ಕೇಳಲು ಸಂಕೋಚ ಬೇಡ. ನೋಂದಣಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಸಂಸ್ಥೆಗಳಿಗೂ ಒಂದು ಮಾತು. ರೈತನ ಮನೆಯಿಂದ ಬೀಜ ತಂದಾಗ ಚೀಲದ ಮೇಲೆ ಅವನ ಹೆಸರು ಬರೆಯಿರಿ. ತಳಿ ಬಿಡುಗಡೆಯಾಗುವ ದಿನ ಆ ಹೆಸರು ಚೀಲದ ಮೇಲೆಯೇ ಇರಲಿ.